ಪಾಟ ಪುಸ್ತಕ

ದೊಡ್ಡಗಂಗಮ್ಮನಿಗೆ ಓದು ಬರುವುದಿಲ್ಲ. ಇದನ್ನು ಆಕೆ ಯಾವತ್ತೂ ಮುಚ್ಚಿಟ್ಟವಳಲ್ಲ, ಹೇಳಿಕೊಂಡು ನಾಚಿದವಳೂ ಅಲ್ಲ. ಅಂಥ ಹೆಂಗಸು ಹೋದ ನವೆಂಬರಿನಲ್ಲಿ ಲೈಬ್ರರಿಯವರ ಜೊತೆ ವ್ಯಾನು ಹತ್ತಿ ಪುಸ್ತಕ ಪ್ರದರ್ಶನ ನೋಡಲು ಹೊರಟಳು ಎಂದರೆ ಊರವರು ಸುಮ್ಮನಿರುತ್ತಾರೆಯೇ? ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ಹಲ್ಲು ಕಿಸಿದರು.

"ಏನಜ್ಜಿ, ಎಸ್ಸೆಸ್ಸೆಲ್ಸಿ ಕಟ್ತೀಯಾ?" ಎಂದು ಒಬ್ಬ ಕೇಳಿದ.

"ಕಟ್ತೀನಿ ಕಣೋ. ನೀನು ಬಿಟ್ಟು ಬಂದಿದ್ಯಲ್ಲ, ಆ ಪೇಪರೇ ಕಟ್ತೀನಿ," ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ವ್ಯಾನಿನ ಮೆಟ್ಟಿಲು ಹತ್ತಿದಳು. ಹಿಂದೆ ಮೊಮ್ಮಗಳು ಸಹನ, ಒಂಬತ್ತನೇ ಕ್ಲಾಸಿನವಳು, ನೀರಿನ ಬಾಟಲಿ ಹಿಡಿದು ಹತ್ತಿದಳು.

ಅವರದು ಮುಳಬಾಗಲಿನ ಕಡೆ, ದೇವರಾಯಸಮುದ್ರದಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು. ಆಂಧ್ರದ ಗಡಿ ಅಲ್ಲೇ ಕೂಗಳತೆಯಲ್ಲಿದ್ದ ಹಾಗೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ನಿಂತರೆ ಎರಡೂ. ಯಾವ ಮಾತು ಯಾವುದರದ್ದು ಎಂದು ಆ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅಲ್ಲಿಯೇ ಎಡವಟ್ಟಾದದ್ದು.

ಆದರೆ ಎಡವಟ್ಟಿಗೆ ಮುಂಚೆ ಗಂಗರತ್ನಮ್ಮನ ಮಾತು ಹೇಳಬೇಕು. ಇಬ್ಬರೂ ಆ ಊರಿಗೆ ಸೊಸೆಯರಾಗಿ ಬಂದವರು, ಗೋಡೆಗೆ ಗೋಡೆ ಅಂಟಿದ ಮನೆಗಳು. ಕೆರೆ ತುಂಬಿ ಕೆಳಗಿನ ಬಯಲಿನಲ್ಲಿ ಭತ್ತದ ನಾಟಿ ನಡೆಯುತ್ತಿದ್ದ ಕಾಲದಲ್ಲಿ ಈ ಇಬ್ಬರಿಲ್ಲದೆ ಯಾರ ಗದ್ದೆಯೂ ಮುಗಿಯುತ್ತಿರಲಿಲ್ಲ. ಕೈ ಚುರುಕು ಎಂದಲ್ಲ, ಪಾಟ. ತೆಲುಗಿನಲ್ಲಿ ಹಾಡಿಗೆ ಪಾಟ ಎನ್ನುತ್ತಾರಲ್ಲ, ಅದು. ಗಂಗರತ್ನಮ್ಮ ಪಾಟ ಎತ್ತುವವಳು, ದೊಡ್ಡಗಂಗಮ್ಮ ಬದಲು ಕೊಡುವವಳು. ಅವಳು ಒಂದು ಸಾಲು ಎತ್ತಿ ಕೇಳಿದರೆ ಇವಳು ಇನ್ನೊಂದು ಸಾಲು ಕಟ್ಟಿ ಉತ್ತರ ಕೊಡಬೇಕು, ಮಿಕ್ಕ ಹೆಂಗಸರು ಅದನ್ನೇ ಹಿಡಿದು ಹಾಡಬೇಕು. ಎತ್ತುವ ಸಾಲುಗಳು ಅತ್ತೆಯರ ಕಾಲದಿಂದ ಬಂದವು, ಒಂದಕ್ಷರ ಕದಲುವುದಿಲ್ಲ. ಬದಲು ಹಾಗಲ್ಲ. ಗದ್ದೆಯ ಯಜಮಾನ ಬದುವಿನ ಮೇಲೆ ಕಾಣಿಸಿಕೊಂಡರೆ ಅವನ ಹೊಟ್ಟೆ ಪಾಟದೊಳಗೆ ಬಂದು ಕೂರುತ್ತಿತ್ತು. ಯಾರದೋ ಗಂಡ ರಾತ್ರಿ ಮುನಿಸಿಕೊಂಡಿದ್ದರೆ ಅವನೂ ಬರುತ್ತಿದ್ದ. ನಕ್ಕು ನಕ್ಕು ಹೆಂಗಸರು ಸೊಂಟ ನೋವು ಮರೆಯುತ್ತಿದ್ದರು. ದೊಡ್ಡಗಂಗಮ್ಮ ಒಂದು ಬದಲನ್ನು ಎರಡನೇ ಸಲ ಕೊಟ್ಟದ್ದನ್ನು ಕೇಳಿದವರಿಲ್ಲ.

ಆ ಕಾಲದಲ್ಲಿ ಕೋಲಾರದಿಂದ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದು, ಸ್ಕೂಲಿನ ಜಗಲಿಯಲ್ಲಿ ಇವರನ್ನೆಲ್ಲ ಕೂರಿಸಿ ಹಾಡಿಸಿಕೊಂಡು ಹೋದರು. ಮರೆತೇ ಹೋಗಿದೆ ಎನ್ನುವಷ್ಟರಲ್ಲಿ ಪುಸ್ತಕ ಬಂತು. ತೆಲುಗು ಪಾಟ, ಕನ್ನಡ ಅಕ್ಷರ. ಅಂಗೈ ಅಗಲದ್ದು, ಕಾವಿ ಬಣ್ಣದ ರಟ್ಟು, ಮೇಲೆ ಬಗ್ಗಿ ನಾಟಿ ಹಾಕುವ ಹೆಂಗಸಿನ ಚಿತ್ರ. ಚಿತ್ರ ಬರೆದವನಿಗೆ ಅವಸರವೋ ಏನೋ, ಆ ಹೆಂಗಸಿನ ಕೈಗೆ ಆರು ಬೆರಳು ಹಾಕಿಬಿಟ್ಟಿದ್ದ. "ಇದು ನೀನೇ ಕಣೇ, ಯಾವಾಗ್ಲೂ ಒಂದು ಜಾಸ್ತಿ," ಎಂದು ಗಂಗರತ್ನಮ್ಮ ನಕ್ಕಿದ್ದಳು. ಮೂರನೇ ಕ್ಲಾಸಿನವರೆಗೆ ಓದಿದ್ದ ಅವಳೇ ರಟ್ಟು ತೆಗೆದು, ಗೆಳತಿಯ ಬೆರಳು ಹಿಡಿದು ಒಂದು ಸಾಲಿನ ಕೆಳಗೆ ಇಟ್ಟು, "ಇಕೋ, ಇಲ್ಲಿ ನನ್ನ ಹೆಸರು, ಅದರ ಕೆಳಗೆ ನಿಂದು," ಎಂದು ತೋರಿಸಿದ್ದಳು. ಬಂದದ್ದು ಒಂದೇ ಪ್ರತಿ. ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆ, ಮಕ್ಕಳು ಹರಿಯುತ್ತವೆ ಎಂದು ಇಬ್ಬರೂ ಹೋಗಿ ಊರ ಲೈಬ್ರರಿಗೆ ಕೊಟ್ಟು ಬಂದರು.

ಆಮೇಲೆ ಬಯಲಿನಲ್ಲಿ ಭತ್ತ ಹೋಗಿ ಟೊಮೇಟೊ ಬಂತು. ಟೊಮೇಟೊ ಕೀಳುವಾಗ ಯಾರೂ ಸಾಲು ಕಟ್ಟಿ ನಿಲ್ಲುವುದಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ. ಹಾಡಬೇಕಾದ್ದನ್ನು ಸೊಂಟದಲ್ಲಿರುವ ಫೋನೇ ಹಾಡುತ್ತದೆ. ಆದರೂ ಸಂಜೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಾಗ ಗಂಗರತ್ನಮ್ಮ ಗೋಡೆಯ ಆಚೆಯಿಂದ ಎತ್ತುವಳು, ಇವಳು ಈಚೆಯಿಂದ ಬದಲು ಕೊಡುವಳು. ಹೋದ ವರ್ಷ ಬೇಸಿಗೆಯಲ್ಲಿ ಗಂಗರತ್ನಮ್ಮ ಸತ್ತಳು.

ದೊಡ್ಡಗಂಗಮ್ಮ ಅತ್ತಳು, ತಿಥಿಯ ದಿನ ಎಲ್ಲರಿಗೂ ಬಡಿಸಿದಳು, ಆಮೇಲೆ ತನ್ನ ಪಾಡಿಗೆ ಇದ್ದಳು. ಬಯಲಾದದ್ದು ಆ ಮೇಲೆ. ಒಂದು ಮದುವೆಯ ಮನೆಯಲ್ಲಿ, "ಅಜ್ಜಿ, ಒಂದು ಪಾಟ ಹೇಳು," ಎಂದು ಹುಡುಗಿಯರು ಫೋನು ಎತ್ತಿ ಹಿಡಿದರು. ಬಾಯಿ ತೆರೆದಳು, ಏನೂ ಬರಲಿಲ್ಲ. ಒಂದು ಸಾಲೂ ಇಲ್ಲ. ಎತ್ತುವ ಸಾಲು ಅವಳದಲ್ಲ, ಎಂದೂ ಅವಳ ಬಾಯಿಗೆ ಹತ್ತಿದ್ದಲ್ಲ; ಎತ್ತುವವರಿಲ್ಲದೆ ಬದಲು ಎಲ್ಲಿಂದ ಬರಬೇಕು? ಹುಡುಗಿಯರು ಫೋನು ಇಳಿಸಿದರು. ಅವತ್ತು ಮನೆಗೆ ಬಂದು ಕೂತವಳಿಗೆ ಭಯವಾಯಿತು. ಸಾವಿಗೆ ಹೆದರದ ಹೆಂಗಸು ಇದಕ್ಕೆ ಹೆದರಿದಳು. ತನ್ನೊಳಗೆ ಅಷ್ಟು ವರ್ಷ ಇದ್ದದ್ದು ಗಂಗರತ್ನಮ್ಮನ ಹಿಂದೆಯೇ ಎದ್ದು ಹೋಯಿತೇ? ಆಗ ನೆನಪಾಯಿತು ಪುಸ್ತಕ. ಗಂಗರತ್ನಮ್ಮನ ಸಾಲುಗಳೆಲ್ಲ ಅದರಲ್ಲಿವೆ. ಸಹನ ಓದಲಿ, ತಾನು ಬದಲು ಕೊಡುತ್ತೇನೆ. ಒಂದು ಸಲ ಶುರುವಾದರೆ ಸಾಕು, ಬರುತ್ತದೆ.

ಲೈಬ್ರರಿ ಅಷ್ಟರಲ್ಲಿ ಹೊಸ ಕಟ್ಟಡಕ್ಕೆ ಹೋಗಿತ್ತು. ಬಣ್ಣ ಬಳಿದ ಗೋಡೆ, ಎರಡು ಕಂಪ್ಯೂಟರು. ನೋಡಿಕೊಳ್ಳುವವಳು ರಜನಿ, ಮಾಸ್ತಿಯ ಕಡೆಯಿಂದ ಆ ಊರಿಗೆ ಸೊಸೆಯಾಗಿ ಬಂದವಳು, ಒಳ್ಳೆಯ ಹುಡುಗಿ. ತೆಲುಗು ಅವಳಿಗೆ ಇನ್ನೂ ಅಷ್ಟಕ್ಕಷ್ಟೆ. ದೊಡ್ಡಗಂಗಮ್ಮ ಬಂದು, "ನಮ್ಮ ಪಾಟ ಪುಸ್ತಕ ಕೊಡಮ್ಮ," ಎಂದಾಗ ರಜನಿಯ ಮುಖ ಅರಳಿತು.

"ನೀವು ಹೇಳಿದ್ದು ನೆನಪಿದೆ ಅಜ್ಜಿ. ಮಡಗಿದ್ದೀನಿ," ಎಂದು ಬೀರು ತೆರೆದು ಒಂದು ಕಟ್ಟು ತಂದು ಮೇಜಿನ ಮೇಲಿಟ್ಟಳು. ಏಳನೇ ಕ್ಲಾಸಿನ ಸಮಾಜ, ಐದನೇ ಕ್ಲಾಸಿನ ಗಣಿತ, ರಟ್ಟು ಹೋದ ವಿಜ್ಞಾನ. ಎಲ್ಲ ಹಳೆಯ ಪಾಠ ಪುಸ್ತಕಗಳು. ಚೆನ್ನಾಗಿ ಹೊಲಿದು ಅಂಟಿಸಿ ಇಟ್ಟಿದ್ದಳು.

ಆದದ್ದು ಇಷ್ಟೆ. ಕಟ್ಟಡ ಬದಲಾಯಿಸುವಾಗ ಹರಿದ ಪುಸ್ತಕಗಳನ್ನು ತೂಕಕ್ಕೆ ಹಾಕಬೇಕಾಗಿ ಬಂದಿತ್ತು. ಯಾವುದನ್ನು ಉಳಿಸಬೇಕೆಂದು ರಜನಿ ಬಾಗಿಲಲ್ಲಿ ನಿಂತು ಹೋಗಿ ಬರುವವರನ್ನೆಲ್ಲ ಕೇಳಿದ್ದಳು. ದೊಡ್ಡಗಂಗಮ್ಮ, "ಪಾಟ ಪುಸ್ತಕ ಒಂದಿದ್ರೆ ಸಾಕಮ್ಮ, ಮಿಕ್ಕಿದ್ದು ಏನಾನ ಮಾಡ್ಕೋ," ಎಂದಿದ್ದಳು. ಆ ಕಡೆ ಪಾಠವನ್ನೂ ಎಲ್ಲರೂ ಪಾಟ ಎಂದೇ ಅನ್ನುವುದು, ಬಾಯಲ್ಲಿ ವ್ಯತ್ಯಾಸವೇ ಇಲ್ಲ. ಓದು ಬಾರದ ಮುದುಕಿಗೆ ಮಕ್ಕಳ ಪಾಠದ ಮೇಲೆ ಎಂಥ ಕಾಳಜಿ ಎಂದು ರಜನಿಗೆ ಕಣ್ಣು ತುಂಬಿತ್ತು. ಇದನ್ನು ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆ ಬೇರೆ ಹೊಡೆಸಿದ್ದಳು. ಕಾವಿ ರಟ್ಟಿನ ಪುಸ್ತಕ ಮಿಕ್ಕಿದ್ದರ ಜೊತೆ ಕೋಲಾರದ ಹಳೇ ಪುಸ್ತಕದವರ ಲಗೇಜು ಆಟೋ ಹತ್ತಿತ್ತು.

ದೊಡ್ಡಗಂಗಮ್ಮ ಬೈಯಲಿಲ್ಲ. ಬೈದಿದ್ದರೆ ರಜನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಸಮಾಜ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ನನ್ನ ಹೆಸರಿಲ್ಲಮ್ಮ," ಎಂದಳು ಅಷ್ಟೆ. ರಜನಿ ಹಣೆ ಚಚ್ಚಿಕೊಂಡಳು. ಗ್ರಂಥಾಲಯ ಸಪ್ತಾಹಕ್ಕೆ ಓದುಗರನ್ನು ಕರೆದುಕೊಂಡು ಪ್ರದರ್ಶನ ನೋಡಿಬರುವ ಯೋಚನೆ ಮೊದಲೇ ಇತ್ತು. ಅದಕ್ಕೆ ಹಳೇ ಪುಸ್ತಕದಂಗಡಿಗಳನ್ನೂ ಸೇರಿಸಿದಳು, ಮುಂದಿನ ಸೀಟಿನಲ್ಲಿ ದೊಡ್ಡಗಂಗಮ್ಮನನ್ನು ಕೂರಿಸಿದಳು.

ವ್ಯಾನಿನಲ್ಲಿ ಲೈಬ್ರರಿಗೆ ದಿನಾ ಬರುವ ಒಂದಷ್ಟು ಜನ. ಅವರಲ್ಲಿ ಗಂಟಲು ದೊಡ್ಡದಿದ್ದವನು ಸೀನಪ್ಪ, ರಿಟೈರಾದ ಬಸ್ ಕಂಡಕ್ಟರು. ಬೆಳಿಗ್ಗೆ ಪೇಪರನ್ನು ಇಡೀ ಊರಿಗೆ ಕೇಳುವಂತೆ ಓದುವುದು ಅವನ ಕೆಲಸ. "ಯಾರ್ರೀ ಅದು ಸಿರ್ನಾಸ್‌ಪುರ! ಒಳಗೆ ಹೋಗ್ರೀ ಒಳಗೆ!" ಎಂದು ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸಿದ. ದೊಡ್ಡಗಂಗಮ್ಮನೂ ನಕ್ಕಳು.

ಶ್ರೀನಿವಾಸಪುರದ ಪ್ರದರ್ಶನದಲ್ಲಿ ಶಾಮಿಯಾನ, ಬಲೂನು, ಸಾಲು ಮೇಜುಗಳು. ಪ್ರವೇಶ ಉಚಿತ, ಆದ್ದರಿಂದ ಮಕ್ಕಳೇ ಹೆಚ್ಚು. ಪುಸ್ತಕಗಳೆಲ್ಲ ಹೊಸವು, ಮದುಮಕ್ಕಳ ಹಾಗೆ ಮಿರಮಿರ ಮಿಂಚುತ್ತಿದ್ದವು. ಒಬ್ಬಳು ಹುಡುಗಿ ಓಡಿಬಂದು, "ಏನು ಬೇಕಜ್ಜಿ?" ಎಂದಳು.

"ಪಾಟ ಪುಸ್ತಕ."

ಹುಡುಗಿ ಕೈ ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಪಾಠ ಪುಸ್ತಕಗಳ ಮೇಜಿನ ಮುಂದೆ. ಸಹನ ನಗು ತಡೆಯಲಾರದೆ, "ಅಜ್ಜಿ, ಹಾಡಿನ ಪುಸ್ತಕ ಅನ್ನು," ಎಂದಳು.

"ಹಾಡು ಬೇರೆ, ಪಾಟ ಬೇರೆ. ಹಾಡು ರೇಡಿಯೋದಾಗೆ ಬರೋದು," ಎಂದಳು ದೊಡ್ಡಗಂಗಮ್ಮ. ಹಟ ಎಂದರೆ ಹಟ. ಕೋಲಾರದ ಪ್ರದರ್ಶನದಲ್ಲಿಯೂ ಅದೇ ಮಾತು, ಅದೇ ಪಾಠ ಪುಸ್ತಕದ ಮೇಜು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಪುಸ್ತಕಗಳನ್ನೂ ಇಟ್ಟಿದ್ದರು. ಆಕೆ ಗಾಜಿಗೆ ಮೂಗು ತಾಗಿಸಿ ಒಂದೊಂದೇ ರಟ್ಟು ನೋಡಿದಳು. ಕಾವಿ ಬಣ್ಣದವು ಇದ್ದವು, ಆರು ಬೆರಳಿನ ಹೆಂಗಸು ಇರಲಿಲ್ಲ.

ಹಳೇ ಪುಸ್ತಕದವರ ಅಂಗಡಿಗೆ ಹೋದರೆ ಅವರು ತಲೆ ಕೆರೆದುಕೊಂಡರು. "ಆ ಲೋಡಾ? ಅದ್ರಾಗೆ ಕಾಲೇಜಿನವು ಏನೂ ಇರ್ಲಿಲ್ಲ. ಮಾಲೂರಿನ ವೆಂಕಟ್‌ಗೆ ಕಳಿಸ್ಬಿಟ್ವಿ, ಅವನು ಕಥೆ ಪುಸ್ತಕ ಎಲ್ಲ ಮಡಿಕ್ಕೊಂತಾನೆ."

ಮಾಲೂರು ಎಂದೊಡನೆ ವ್ಯಾನಿನಲ್ಲಿ ಗೊಣಗಾಟ ಶುರುವಾಯಿತು. ಕೆಲವರು ಬೇಕಾದ್ದು ಕೊಂಡಾಗಿತ್ತು, ಹೊಟ್ಟೆ ಹಸಿದಿತ್ತು, ಡ್ರೈವರು ಮುಖ ಊದಿಸಿಕೊಂಡ. ರಜನಿ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. "ತಪ್ಪು ನಂದು, ಹೋಗ್ಲೇಬೇಕು," ಎಂದಳು. ದೊಡ್ಡಗಂಗಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಇನ್ನೂ ಸಿಗದ ಪುಸ್ತಕಕ್ಕೆ ಆಗಲೇ ಆಕೆಯ ಗಂಟಲು ತಯಾರಾಗುತ್ತಿತ್ತು. ಮತ್ತೆ ಮತ್ತೆ ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದಳು.

ವೆಂಕಟನ ಅಂಗಡಿ ಮಾಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ನೆಲದಿಂದ ಸೂರಿನವರೆಗೆ ಪುಸ್ತಕ, ನಡುವೆ ಒಬ್ಬರು ಅಡ್ಡಡ್ಡಲಾಗಿ ಹೋಗುವಷ್ಟು ಜಾಗ. ಅವನು ಒಂದು ಮೂಲೆ ತೋರಿಸಿ, "ಲೈಬ್ರರಿ ಮಾಲು ಅಲ್ಲಿದೆ, ನೋಡ್ಕೊಳ್ಳಿ," ಎಂದ. ಸಹನ, ರಜನಿ ಹೆಸರು ಓದಿ ಓದಿ ಹುಡುಕತೊಡಗಿದರು. ದೊಡ್ಡಗಂಗಮ್ಮ ಓದುವ ಗೋಜಿಗೇ ಹೋಗದೆ ನೆಲದ ಮೇಲೆ ಕೂತು, ಸೊಪ್ಪು ಸೋಸುವ ಹಾಗೆ ಬರೀ ರಟ್ಟು ನೋಡಿ ಪಕ್ಕಕ್ಕೆ ಹಾಕುತ್ತ ಹೋದಳು. ಬಹಳ ಹೊತ್ತಾಗಲಿಲ್ಲ.

"ಇದೇ! ಇದೇ ನೋಡಮ್ಮ, ಬೆರಳು ಎಣಿಸ್ಕೋ!"

ಆಕೆಯ ಕೂಗಿಗೆ ಹೊರಗೆ ಟೀ ಕುಡಿಯುತ್ತಿದ್ದವರೂ ಒಳಗೆ ಬಂದರು. ರಟ್ಟಿನ ಮೂಲೆ ಗೆದ್ದಲು ತಿಂದಿತ್ತು, ಆದರೆ ಹಾಳೆಗಳು ಗಟ್ಟಿಯಾಗಿದ್ದವು. ದೊಡ್ಡಗಂಗಮ್ಮ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ಕಣ್ಣಿನಿಂದ ತೆಗೆದಾಗ ರಟ್ಟು ಒದ್ದೆಯಾಗಿತ್ತು. ರಜನಿ ಬಾಗಿಲ ಕಡೆ ತಿರುಗಿ ತಾನೂ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷ ಆ ವ್ಯಾನಿನವರಿಗೆ ಇಡೀ ದಿನದಲ್ಲಿ ಆಗಿರಲಿಲ್ಲ.

ಅಲ್ಲಿಗೇ ಪುಸ್ತಕ ಮುಚ್ಚಿ ಊರಿಗೆ ಬಂದಿದ್ದರೆ ಚೆನ್ನಾಗಿತ್ತು. ಆದರೆ ಹುಡುಕಿದ್ದನ್ನು ತೆರೆಯದೆ ಇರುವವರು ಯಾರು? ಆಕೆ ರಟ್ಟು ತೆಗೆದು, ಬೆರಳನ್ನು ತಾನಾಗಿಯೇ ಒಂದು ಸಾಲಿನ ಕೆಳಗಿಟ್ಟು, ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ, "ಇಲ್ಲೇನೈತೆ ಓದು," ಎಂದು ಸಹನಳಿಗೆ ಹೇಳಿದಳು.

ಸಹನ ನೋಡಿದಳು. ಓದಲಿಲ್ಲ. ಇನ್ನೊಂದು ಸಲ ನೋಡಿದಳು. ಹುಡುಗಿ ಯಾಕೆ ತಡೆದಳೆಂದು ಅರಿಯದ ಸೀನಪ್ಪ, ಅವಳ ಭುಜದ ಮೇಲಿನಿಂದ ಬಗ್ಗಿ, ತನ್ನ ಪೇಪರ್ ಓದುವ ಗಂಟಲಿನಲ್ಲಿ, "ಹಾಡಿದವರು: ಶ್ರೀಮತಿ ಗಂಗರತ್ನಮ್ಮ ಮತ್ತು ಸಂಗಡಿಗರು!" ಎಂದು ಸಾರಿದ. ರೇಡಿಯೋದವರ ಹಾಗೇ ಬಂತು ಎಂದು ಅವನಿಗೇ ಖುಷಿಯಾಗಿ ಸುತ್ತ ನೋಡಿದ. ಯಾರೂ ನಗಲಿಲ್ಲ.

ದೊಡ್ಡಗಂಗಮ್ಮ ಬೆರಳನ್ನು ತೆಗೆಯಲಿಲ್ಲ. "ಕೆಳಗೆ?" ಎಂದಳು.

"ಕೆಳಗೆ ಅಚ್ಚಾದ ವರ್ಷ ಐತೆ ಅಷ್ಟೆ," ಎಂದ ಸೀನಪ್ಪ, ಈಗ ಮೆಲ್ಲಗೆ.

"ಸಂಗಡಿಗರು ಅಂದ್ರೆ ನೀವೇ ಅಲ್ವಾ ಅಜ್ಜಿ," ಎಂದಳು ರಜನಿ.

"ಔನಮ್ಮ, ನಾವು ಆರು ಜನ ಇದ್ವಿ," ಎಂದಳು ಆಕೆ. ಗಂಗರತ್ನಮ್ಮನ ಮೇಲೆ ಕೋಪ ಬರಲಿಲ್ಲ. ಅದು ಸುಳ್ಳೆಂದು ಗೊತ್ತಾದ ಮೇಲೂ ಅವಳು ಬೆರಳು ಹಿಡಿದದ್ದು ಹಿತವಾಗಿಯೇ ನೆನಪಾಯಿತು. ಹೆಸರು ಹೋದರೆ ಹೋಗಲಿ. ಬಂದದ್ದು ಪಾಟಕ್ಕೆ. "ನೀನು ಓದೇ. ಮೊದಲನೇದು ಓದು," ಎಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಸಹನ ಪುಟ ತಿರುಗಿಸಿ, ತೆಲುಗನ್ನು ಕನ್ನಡ ಅಕ್ಷರದಲ್ಲಿ ತಡವರಿಸದೆ ಓದಿದಳು: "ಚೆರುವು ಕಟ್ಟ ಮೀದ ಎವರೊಸ್ತಾರೇ ಅಕ್ಕಾ." ಕೆರೆಕಟ್ಟೆಯ ಮೇಲೆ ಯಾರು ಬರುತ್ತಾರೆ ಅಕ್ಕಾ. ಓದಿ ನಿಲ್ಲಿಸಿದಳು. ಗಲ್ಲಿಯವರೂ, ವ್ಯಾನಿನವರೂ, ವೆಂಕಟನೂ ದೊಡ್ಡಗಂಗಮ್ಮನ ಬಾಯಿಯನ್ನೇ ನೋಡಿದರು.

ಬಾಯಿ ತೆರೆದಿತ್ತು. ಏನೂ ಬರಲಿಲ್ಲ.

"ಬದಲು ಅದ್ರಲ್ಲೇ ಇರ್ಬೇಕು, ನೋಡು ಸಹನ," ಎಂದು ರಜನಿ ಅವಸರಿಸಿದಳು. ಸಹನ ಪುಟದ ಕೆಳಗೆ ನೋಡಿದಳು, ಮುಂದಿನ ಪುಟ ನೋಡಿದಳು. ಯಾರು ಬರುತ್ತಾರೆ, ಏನು ತರುತ್ತಾರೆ, ಯಾರಿಗೆ ತರುತ್ತಾರೆ. ಬರೀ ಎತ್ತುವ ಸಾಲುಗಳು. ಬದಲಿನ ಜಾಗದಲ್ಲಿ ಚುಕ್ಕೆಗಳು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮೇಷ್ಟ್ರು ಬರೆದಿದ್ದರು. ಸಂಗಡಿಗರ ಉತ್ತರಗಳು ಆಯಾ ಹೊತ್ತಿಗೆ ಹುಟ್ಟುವಂಥವು, ಪ್ರತಿ ಸಲವೂ ಬೇರೆಯಾದ್ದರಿಂದ ಇಲ್ಲಿ ಕೊಟ್ಟಿಲ್ಲ ಎಂದು. ಸಹನ ಅದನ್ನೂ ಓದಿ ಹೇಳಿದಳು. ಮೇಷ್ಟ್ರು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಇನ್ನೊಂದು ಸಲ ಓದ್ಲಾ ಅಜ್ಜಿ?"

"ಓದು."

ಸಹನ ಓದಿದಳು. ಈ ಸಲ ಸ್ವಲ್ಪ ರಾಗ ಎಳೆದು, ಸ್ಕೂಲಿನ ಪ್ರಾರ್ಥನೆಯ ಹಾಗೆ ಓದಿದಳು. ಸೀನಪ್ಪ ತಡೆಯಲಾರದೆ, "ಬಸ್ಸು ಬರ್ತೈತೆ ಅನ್ನಕ್ಕಾ, ಮುಳಬಾಗಲು ಬಸ್ಸು ಅನ್ನು," ಎಂದು ಎತ್ತಿಕೊಟ್ಟ. ಎಲ್ಲರೂ ನಕ್ಕರು, ದೊಡ್ಡಗಂಗಮ್ಮನೂ ತುಟಿ ಅಗಲಿಸಿದಳು. ನಗು ಇಳಿಯಿತು. ಆಕೆ ಕಣ್ಣು ಮುಚ್ಚಿ ಕಾದಳು. ಕೆರೆ ಕಂಡಿತು, ಕಟ್ಟೆ ಕಂಡಿತು, ಕಟ್ಟೆಯ ಮೇಲೆ ಯಾರೂ ಬರಲಿಲ್ಲ.

"ಸಾಕು ಬಿಡಮ್ಮ," ಎಂದಳು.

"ಮನೆಗೆ ಹೋಗಿ ದಿನಾ ಓದ್ತೀನಿ ಅಜ್ಜಿ, ಬರುತ್ತೆ," ಎಂದಳು ಸಹನ.

"ಬರಲ್ಲ ಕಣೇ. ರತ್ನಮ್ಮ ಕೇಳ್ತಿದ್ಲು, ನಾನು ಹೇಳ್ತಿದ್ದೆ. ನೀನು ಓದ್ತೀಯ. ನಿನಗೇನು ಬೇಕಾಗೈತೆ ಕಟ್ಟೆ ಮೇಲೆ ಯಾರು ಬಂದ್ರು ಅಂತ?" ಬೈಗುಳ ಅಲ್ಲ, ಬೇಸರವೂ ಅಲ್ಲ, ಇದ್ದದ್ದನ್ನು ಹೇಳಿದಳು.

ದೊಡ್ಡಗಂಗಮ್ಮ ಮೊಣಕಾಲಿಗೆ ಕೈ ಊರಿ ಎದ್ದು, ಪುಸ್ತಕವನ್ನು ರಜನಿಯ ಕೈಗೆ ಕೊಟ್ಟಳು. "ನಿನ್ನ ಲೈಬ್ರರಿಯಾಗೆ ಮಡಗು. ಅವಳ ಮಾತು ಪೂರ್ತಿ ಐತೆ," ಎಂದಳು. ಹೊರಗೆ ಡ್ರೈವರು ಹಾರನ್ನು ಒತ್ತುತ್ತಿದ್ದ. ಆಕೆ ಎಲ್ಲರಿಗಿಂತ ಮೊದಲು ಹೋಗಿ ವ್ಯಾನು ಹತ್ತಿ, ಈ ಸಲ ಹಿಂದಿನ ಸೀಟಿನಲ್ಲಿ ಕೂತಳು.